ಐದು ವರ್ಷ ಕೇಳಲು ಹೋದವನು

ಸೇಡಂ

ನ್ಯೂಜಿಲೆಂಡಿಗೆ ಹೋಗಿ ಬಂದವನೆಂದು ತಿಳಿದರೆ ಜನ ಹಿಮದ ಬೆಟ್ಟಗಳ ಬಗ್ಗೆ ಕೇಳುತ್ತಾರೆ. ವಿಮಾನದ ಕಿಟಕಿಯಿಂದ ಒಮ್ಮೆ ಕಂಡದ್ದು ಬಿಟ್ಟರೆ ಅವುಗಳ ಬಗ್ಗೆ ನನಗೆ ಗೊತ್ತಿಲ್ಲ. ನಾನು ಅಷ್ಟು ದೂರ ಹೋದದ್ದು ಒಂದು ಕೋಣೆಯಲ್ಲಿ ಮೂವರ ಮುಂದೆ ಕೂತು ಅರ್ಧ ಗಂಟೆ ಮಾತನಾಡಲು.

ನನ್ನ ತಂಗಿ ರಮಾ ಆ ದೇಶದಲ್ಲಿ ಸತ್ತು ಹನ್ನೆರಡು ವರ್ಷ ದಾಟಿದೆ. ಶಹಾಬಾದಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು, ಹಟ ಹಿಡಿದು ಪರೀಕ್ಷೆಗಳನ್ನು ಪಾಸು ಮಾಡಿ ಅಲ್ಲಿಗೆ ಹೋದಳು. ಸಮುದ್ರ ದಂಡೆಯ ಒಂದು ಊರಿನಲ್ಲಿ, ಹಾಸಿಗೆ ಹಿಡಿದಿದ್ದ ಮುದುಕರೊಬ್ಬರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ. ಒಂದು ಮಧ್ಯಾಹ್ನ ಮುದುಕರ ಮೊಮ್ಮಗ ಡೇನಿಯಲ್ ನಶೆಯಲ್ಲಿ ಬಂದು ಅಜ್ಜನ ಕಾರಿನ ಕೀಲಿ ಕೇಳಿದ. ರಮಾ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಅವನು ಒಲೆಯ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡ. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದಾಗದು. ಅವಳಿಗೆ ಇಪ್ಪತ್ತೆಂಟು, ಅವನಿಗೆ ಇಪ್ಪತ್ತೆರಡು.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಹತ್ತು ವರ್ಷ ಕಳೆಯುವವರೆಗೆ ಪೆರೋಲ್ ಕೇಳುವಂತಿಲ್ಲ ಎಂದರು. ನಮ್ಮ ಕಡೆ ಪೆರೋಲ್ ಎಂದರೆ ಮದುವೆಗೋ ಸಾವಿಗೋ ಜೈಲಿನಿಂದ ನಾಲ್ಕು ದಿನ ರಜೆ. ಅಲ್ಲಿ ಹಾಗಲ್ಲ, ಷರತ್ತುಗಳ ಮೇಲೆ ಹೊರಗೆ ಬಿಟ್ಟುಬಿಡುವುದು. ಹತ್ತು ವರ್ಷ ತುಂಬಿದಾಗ ಮೊದಲ ವಿಚಾರಣೆ ನಡೆಯಿತು, ಬಿಡಲಿಲ್ಲ. ವರ್ಷದ ಮೇಲೆ ಇನ್ನೊಂದು, ಆಗಲೂ ಬಿಡಲಿಲ್ಲ. ಈಗ ಮೂರನೆಯದು. ಪ್ರತಿ ಸಲವೂ ಮೊದಲೇ ಅವ್ವನ ಹೆಸರಿಗೆ ಒಂದು ಕಾಗದ ಬರುತ್ತಿತ್ತು, ಮುಗಿದ ಮೇಲೆ ಇನ್ನೊಂದು. ನಾನು ಅವನ್ನು ಕನ್ನಡದಲ್ಲಿ ಓದಿ ಹೇಳಿ, ಬಿಡಬೇಡಿ ಎಂದು ಉತ್ತರ ಬರೆಯುತ್ತಿದ್ದೆ. ಅವ್ವ ಊಟ ಬಿಡುತ್ತಿದ್ದಳು. ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ತೀರಿಕೊಂಡದ್ದು ಸಕ್ಕರೆ ಕಾಯಿಲೆಯಿಂದ. ಆದರೆ ಅದು ಎರಡನೆಯ ವಿಚಾರಣೆಯ ಕಾಗದ ಬಂದ ತಿಂಗಳು. ಅವ್ವ ಅಪ್ಪನ ಸಾವನ್ನು ಆ ಕಾಗದದ ಮೇಲೇ ಹಾಕಿದ್ದಾಳೆ.

ಬಿಡದಿದ್ದರೆ ಎರಡು ವರ್ಷದೊಳಗೆ ಮತ್ತೆ ವಿಚಾರಣೆ ಮಾಡಲೇಬೇಕೆಂದು ಅಲ್ಲಿನ ಕಾನೂನು. ತೀರಾ ಕಾರಣವಿದ್ದರೆ ಪೆರೋಲ್ ಮಂಡಳಿ ಐದು ವರ್ಷದವರೆಗೆ ಮುಂದೂಡಬಹುದು. ಆ ಸಾಲು ಓದಿದ ದಿನ ಅವ್ವ ನನ್ನ ಕೈ ಹಿಡಿದಳು.

“ಮಿಲಿಂದ, ಕಾಗದ ಬರೆದು ಬರೆದು ಸಾಕಾಯ್ತು. ನೀನೇ ಹೋಗು. ಐದು ವರ್ಷ ಅವನ ಹೆಸರು ನನ್ನ ಕಿವಿಗೆ ಬೀಳಬಾರದು. ಅಷ್ಟು ಕೇಳಿ ಬಾ. ಮತ್ತೇನೂ ಬ್ಯಾಡ.”

ನಾನು ಚಿಂಚೋಳಿ ತಾಲ್ಲೂಕು ಕಚೇರಿಯಲ್ಲಿ ಭೂಮಾಪಕ. ಸುಲೇಪೇಟದ ಬದುಗಳನ್ನು ಅಳೆದಿದ್ದೇನೆ, ಅಣ್ಣತಮ್ಮಂದಿರ ಕೊಡಲಿಗಳ ನಡುವೆ ಸರಪಳಿ ಎಳೆದಿದ್ದೇನೆ. ಆದರೂ ವೀಸಾ ಬಂದ ದಿನದಿಂದ ಆ ಕೋಣೆಯದೇ ಹೆದರಿಕೆ. ಅವ್ವನ ಹೇಳಿಕೆಯ ಇಂಗ್ಲಿಷ್ ಪ್ರತಿಯನ್ನು ಮೂರು ಜೆರಾಕ್ಸ್ ಮಾಡಿಸಿ, ಒಂದನ್ನು ಚೀಲದಲ್ಲಿ, ಒಂದನ್ನು ಜೇಬಿನಲ್ಲಿ, ಒಂದನ್ನು ಕಾಲುಚೀಲದೊಳಗೆ ಇಟ್ಟುಕೊಂಡು ಹೊರಟೆ.

ಆಕ್ಲೆಂಡ್

ವಿಮಾನದಲ್ಲಿ ಕೊಟ್ಟ ಫಾರಂನಲ್ಲಿ ಒಂದು ಪ್ರಶ್ನೆ: ಕಳೆದ ಮೂವತ್ತು ದಿನಗಳಲ್ಲಿ ಹೊಲಕ್ಕೆ ಹೋಗಿದ್ದೀರಾ? ನನ್ನ ಉದ್ಯೋಗವೇ ಅದು. ಹೌದು ಎಂದು ಗುರುತು ಹಾಕಿದೆ. ತಿನ್ನುವ ಪದಾರ್ಥ ತಂದಿದ್ದೀರಾ? ಅದಕ್ಕೂ ಹೌದು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಇತ್ತು.

ನನ್ನನ್ನು ಸಾಲಿನಿಂದ ಪಕ್ಕಕ್ಕೆ ಕರೆದರು. ವಾಪಸು ಕಳಿಸುತ್ತಾರೆ, ವಿಚಾರಣೆ ತಪ್ಪುತ್ತದೆ, ಅವ್ವನಿಗೆ ಏನು ಹೇಳಲಿ ಎಂದು ಅಲ್ಲೇ ಲೆಕ್ಕ ಹಾಕತೊಡಗಿದೆ. ಅಧಿಕಾರಿ ನಡುವಯಸ್ಸಿನ ಹೆಂಗಸು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದು ತಿನ್ನುವುದೇ?” ಎಂದಳು. ಹೌದು ಎಂದೆ. ಮುರಿದಾಗ ಆದ ಸದ್ದಿಗೆ ನಕ್ಕಳು. ಆಮೇಲೆ ನನ್ನ ಬೂಟು ಬಿಚ್ಚಿಸಿ, ತಿರುವಿ, ತಳದ ಸಂದುಗಳಲ್ಲಿ ಒಣಗಿ ಕೂತಿದ್ದ ಕರಿ ಎರೆಮಣ್ಣನ್ನು ಬೆರಳಿಂದ ಮುಟ್ಟಿದಳು. ಬೂಟು ಒಳಗೆ ಹೋದವು. ನಾನು ಬರೀ ಕಾಲುಚೀಲದಲ್ಲಿ, ಅದರೊಳಗಿನ ಜೆರಾಕ್ಸು ಚರಚರ ಎನ್ನುವಂತೆ ನಿಂತಿದ್ದೆ. ಇಪ್ಪತ್ತು ನಿಮಿಷದ ನಂತರ ತೊಳೆದು ಒರೆಸಿದ ಬೂಟು ತಂದುಕೊಟ್ಟು, “ಕಾಯಿಸಿದ್ದಕ್ಕೆ ಕ್ಷಮಿಸಿ” ಎಂದಳು. ಸರ್ಕಾರಿ ನೌಕರಿಗೆ ಸೇರಿ ಹದಿನೆಂಟು ವರ್ಷವಾಯಿತು; ಯಾರ ಬೂಟನ್ನೂ ನಾನು ತೊಳೆದುಕೊಟ್ಟಿಲ್ಲ, ಕಾಯಿಸಿದ್ದಕ್ಕೆ ಕ್ಷಮೆಯನ್ನಂತೂ ಕೇಳಿಯೇ ಇಲ್ಲ.

ಕ್ರೈಸ್ಟ್‌ಚರ್ಚ್

ಇಲ್ಲಿ ನನಗೆ ಜೊತೆಯಾಗಿ ಮಾರ್ಗರೆಟ್ ಎಂಬ ನಿವೃತ್ತ ಶಿಕ್ಷಕಿಯನ್ನು ಗೊತ್ತು ಮಾಡಿದ್ದರು. ಸತ್ತವರ ಕಡೆಯವರಿಗೆ ದಾರಿ ತೋರಿಸುವ ಸೇವೆ ಅವರದು. ನನ್ನ ಹೆಸರನ್ನು “ಮಿಲ್ಲಿಂಡ್” ಎಂದು ಕರೆದು, ತಪ್ಪೇ ಎಂದು ಕೇಳಿ, ತಿದ್ದಿಕೊಂಡು, ಮರುದಿನ ಮತ್ತೆ “ಮಿಲ್ಲಿಂಡ್” ಎಂದರು.

ಭೂಕಂಪವಾಗಿ ವರ್ಷಗಳಾದರೂ ಊರ ನಡುವೆ ಇನ್ನೂ ಖಾಲಿ ಜಾಗಗಳಿವೆ. ಮೂಲೆಗಳಲ್ಲಿ ಗಡಿಯ ಗೂಟಗಳು ನೆಟ್ಟಗೆ ನಿಂತಿವೆ, ಯಾರೂ ಕಿತ್ತು ಒಂದು ಮೊಳ ಆಚೆ ನೆಟ್ಟಿಲ್ಲ. ಅದನ್ನು ನೋಡುತ್ತ ನಿಂತುಬಿಟ್ಟೆ. ಅಂಗಡಿಗಳಲ್ಲಿ ದೊಡ್ಡವರೇ ಬರಿಗಾಲಲ್ಲಿ ಓಡಾಡುತ್ತಾರೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬನೂ ಚಾಲಕನಿಗೆ ಕೂಗಿ ಧನ್ಯವಾದ ಹೇಳುತ್ತಾನೆ. ನಮ್ಮ ಚಿತ್ತಾಪುರದ ಬಸ್ಸಿನಲ್ಲಿ ಹಾಗೆ ಕೂಗಿದರೆ ಏನೋ ಬಿಟ್ಟು ಇಳಿದಿದ್ದಾನೆಂದು ಬಸ್ಸು ನಿಲ್ಲಿಸಿಯಾರು.

ಮಾರ್ಗರೆಟ್ ನಡೆಯುವುದೇನೆಂದು ವಿವರಿಸಿದರು. ಬುಧವಾರ ಮಂಡಳಿಯ ಮೂವರು ನನ್ನನ್ನು ಭೇಟಿಯಾಗುತ್ತಾರೆ. ಶುಕ್ರವಾರ ಜೈಲಿಗೆ ಹೋಗಿ ಡೇನಿಯಲ್‌ನನ್ನು ವಿಚಾರಿಸುತ್ತಾರೆ. ನಾನು ಅವನನ್ನು ನೋಡುವುದಿಲ್ಲ.

“ನೋಡುವುದೇ ಇಲ್ಲವೇ?” ಎಂದು ಎರಡು ಸಲ ಕೇಳಿದೆ.

“ಇಲ್ಲ. ಅದು ನಿಮ್ಮ ಒಳ್ಳೆಯದಕ್ಕೇ.”

ಮೂರು ವಿಮಾನ ಹತ್ತಿ ಬಂದದ್ದು ಅವನ ಮುಖ ನೋಡಲಿಕ್ಕೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ಅವರಿಗೆ ಹೇಳಬೇಕಿತ್ತು. ಡೇನಿಯಲ್‌ನ ತಾಯಿ ಹೆಲೆನ್ ವರ್ಷಕ್ಕೊಮ್ಮೆ, ರಮಾ ಸತ್ತ ದಿನಕ್ಕೆ ಸರಿಯಾಗಿ, ಅವ್ವನಿಗೆ ಕಾರ್ಡು ಕಳಿಸುತ್ತಿದ್ದಳು. ಅವ್ವ ಒಂದನ್ನೂ ತೆರೆಯಲಿಲ್ಲ, ಒಂದನ್ನೂ ಹರಿಯಲಿಲ್ಲ. ಈ ವರ್ಷದ್ದನ್ನು ನಾನು ಕದ್ದು ಓದಿದೆ. ‘ನೀವು ಎಂದಾದರೂ ಬಂದರೆ ನನ್ನನ್ನು ನೋಡಿ. ನೋಡದಿದ್ದರೂ ಅರ್ಥಮಾಡಿಕೊಳ್ಳುತ್ತೇನೆ’ ಎಂದಿತ್ತು, ಕೆಳಗೆ ಫೋನ್ ನಂಬರು.

ಅವಳನ್ನು ನೋಡಬೇಕೆಂದಾಗ ಮಾರ್ಗರೆಟ್, “ಬೇಡ ಎನ್ನಲು ನನಗೆ ಅಧಿಕಾರವಿಲ್ಲ. ಆದರೆ ಹೋದ ಮೇಲೆ ನಿಮಗೆ ಹಗುರವಾಗುತ್ತದೆಂದು ಮಾತ್ರ ಅಂದುಕೊಳ್ಳಬೇಡಿ” ಎಂದರು.

ಹೆಲೆನ್ ಇರುವ ಊರು

ದಕ್ಷಿಣಕ್ಕೆ ಮೂರೂವರೆ ಗಂಟೆಯ ಬಸ್ಸು. ಹೋಗುವ ದಾರಿಯುದ್ದಕ್ಕೂ ಎಡಗಡೆ ಸಮುದ್ರ ಬಂದು ಬಂದು ಮರೆಯಾಗುತ್ತಿತ್ತು, ಬಲಗಡೆ ದಾರ ಕಟ್ಟಿ ಎಳೆದಂಥ ಬೇಲಿಗಳು. ಊರಿನ ಹಳೆಯ ಕಟ್ಟಡಗಳು ಸುಣ್ಣದ ಕಲ್ಲಿನವು. ನಮ್ಮ ಶಹಾಬಾದ್ ಕಲ್ಲನ್ನು ನಾವು ನೆಲಕ್ಕೆ ಹಾಸುತ್ತೇವೆ. ಇವರು ಅದೇ ಜಾತಿಯ ಬಿಳಿ ಕಲ್ಲನ್ನು ಕೆತ್ತಿ ಬ್ಯಾಂಕು, ಚರ್ಚು ನಿಲ್ಲಿಸಿದ್ದಾರೆ. ರಮಾ ಇಲ್ಲಿದ್ದಾಗ ಫೋನಿನಲ್ಲಿ, “ಅಣ್ಣಾ, ಇಲ್ಲಿ ಗೋಡಿ ಮುಟ್ಟಿದ್ರ ನಮ್ಮ ಮನಿ ನೆಲ ಮುಟ್ಟಿದಂಗ ಆಗ್ತದ” ಎಂದಿದ್ದಳು. ಒಂದು ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಹೆಲೆನ್‌ಳಿಗೆ ಅರವತ್ತರ ಆಸುಪಾಸು. ಕೆಂಪು ಮುಖ, ಕೈಗಳು ದುಡಿದ ಕೈಗಳು. ಬಾಗಿಲು ತೆರೆದವಳು ಅಲ್ಲೇ ನಿಂತಳು. ಕೈ ಕೊಡಬೇಕೋ ಬೇಡವೋ ಅವಳಿಗೂ ತಿಳಿಯಲಿಲ್ಲ, ನನಗೂ. ಕೊನೆಗೆ, “ಚಹಾ?” ಎಂದಳು.

ರಮಾ ಕೆಲಸ ಮಾಡುತ್ತಿದ್ದ ತನ್ನ ಅಪ್ಪನ ಮನೆಯನ್ನು ಅವಳು ಆಗಲೇ ಮಾರಿದ್ದಳು. ಇದು ಬೇರೆ, ಎರಡೇ ಕೋಣೆಯ ಮನೆ. ಚಹಾ ತಣ್ಣಗಾದ ಮೇಲೆ ಅವಳು ಒಂದು ನೋಟ್‌ಬುಕ್ ತಂದಳು. ರಮಾಳ ಕೈಬರಹ ನೋಡಿದ ಕೂಡಲೇ ಗುರುತು ಹತ್ತಿತು; ಇಂಗ್ಲಿಷಿನಲ್ಲೂ ಅವಳ ಅಕ್ಷರಗಳು ಕನ್ನಡದಂತೆ ದುಂಡಗೆ. ಬೆನ್ನಿಗೆ ಹುಣ್ಣಾಗದಿರಲೆಂದು ಮುದುಕರ ಮಗ್ಗುಲನ್ನು ಎರಡೆರಡು ಗಂಟೆಗೊಮ್ಮೆ ಬದಲಿಸಿ, ಚರ್ಮ ನೋಡಿ, ಸಮಯ ಬರೆದಿಡುತ್ತಿದ್ದಳು. ಪುಟ ಪುಟಗಳ ತುಂಬ ಒಂದೇ ಮಾತು: ಬದಲಾವಣೆ ಇಲ್ಲ. ಬದಲಾವಣೆ ಇಲ್ಲ. ಬದಲಾವಣೆ ಇಲ್ಲ.

“ಏನೂ ಇಲ್ಲದಿದ್ದರೆ ಯಾಕೆ ಅಷ್ಟು ಸಲ ನೋಡುತ್ತೀ ಎಂದು ನಾನೊಮ್ಮೆ ಕೇಳಿದ್ದೆ,” ಎಂದಳು ಹೆಲೆನ್. “ನೋಡದಿದ್ದರೆ ಹುಣ್ಣಾಗುತ್ತದೆ ಎಂದಳು.”

ಅವಳು ಎದ್ದು ಕಪಾಟಿನ ಬಾಗಿಲು ತೆಗೆದಳು. ಒಳಗೆ ಗಂಡಸರ ಮೂರು ಕೋಟುಗಳು, ಅಂಗಡಿಯ ಚೀಟಿ ಸಮೇತ. ಪ್ರತಿ ವಿಚಾರಣೆಗೂ ಒಂದು. ಮಗ ಬಿಡುಗಡೆಯಾದರೆ ತೊಟ್ಟುಕೊಂಡು ಬರಲೆಂದು. ಅವನು ದಪ್ಪಗಾಗುತ್ತ ಹೋದಂತೆ ಕೋಟಿನ ಅಳತೆಯೂ ದೊಡ್ಡದಾಗಿತ್ತು.

“ನೀವು ಅವರಿಗೆ ಏನು ಹೇಳುತ್ತೀರೋ ನನಗೆ ಗೊತ್ತಿಲ್ಲ,” ಎಂದಳು. “ನಾನು ಕೇಳಬಾರದು. ಆದರೂ... ಐದು ವರ್ಷ ಕೇಳಿ.”

ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ.

“ಐದು ವರ್ಷ,” ಎಂದಳು ಮತ್ತೆ. “ಇನ್ನೊಂದು ಕೋಟು ಕೊಳ್ಳಲು ನನ್ನಿಂದಾಗದು. ವಿಚಾರಣೆ ಬರುವ ತಿಂಗಳು ನಾನು ನಿದ್ದೆ ಮಾಡುವುದಿಲ್ಲ, ಮುಗಿದ ತಿಂಗಳು ಹಾಸಿಗೆ ಬಿಟ್ಟೇಳುವುದಿಲ್ಲ. ಅವನಿಗೆ ಇದನ್ನು ಹೇಳಲಾರೆ. ಹೇಳಿದರೆ ತಾಯಿಯೂ ಕೈಬಿಟ್ಟಳು ಎಂದುಕೊಳ್ಳುತ್ತಾನೆ. ನೀವು ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ.”

ನಾನು ಏನು ಕೇಳಲು ಬಂದಿದ್ದೆನೋ ಅದನ್ನೇ ಅವಳೂ ಬೇಡಿದಳು. ಹಗುರವಾಗಬೇಕಿತ್ತು. ಮರಳುವ ಬಸ್ಸು ಹತ್ತಿದರೂ ಆಗಲಿಲ್ಲ. ಇಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಅವನ ಬೆನ್ನ ಹಿಂದೆ ಒಬ್ಬ ತಾಯಿ ನಿಂತಿದ್ದಳು, ಅವಳು ಎಳೆಯುತ್ತಾಳೆ, ನಾವು ತಡೆಯುತ್ತೇವೆ ಎಂದುಕೊಂಡಿದ್ದೆ. ಈಗ ಆ ಕಡೆ ಯಾರೂ ಇರಲಿಲ್ಲ. ನಮ್ಮ ಕಚೇರಿಯಲ್ಲಿ ಮುಂದಿನ ತಾರೀಖು ಸಿಕ್ಕವನು ಬೈದುಕೊಂಡಾದರೂ ಬರುತ್ತಾನೆ. ತಾರೀಖೇ ಇಲ್ಲದ ಕಡತ ಕಪಾಟಿನ ತಳ ಸೇರುತ್ತದೆ. ಅಂಥ ಕಡತಗಳನ್ನು ತಳಕ್ಕೆ ತಳ್ಳಿದ ಕೈ ನನ್ನದೂ ಹೌದು. ಅವುಗಳೊಳಗಿನ ಮನುಷ್ಯರು ಏನಾದರೆಂದು ನಾನು ತಿರುಗಿ ನೋಡಿದವನಲ್ಲ.

ಆದರೆ ಅವ್ವ? ಅವಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಿದವನೂ ನಾನೇ. ಜೇಬಿನ ಜೆರಾಕ್ಸು ಮುಟ್ಟಿ ಮುಟ್ಟಿ ಮೆತ್ತಗಾಗಿತ್ತು.

ಬುಧವಾರ

ಕೋಣೆಯಲ್ಲಿ ಒಂದು ಉದ್ದ ಮೇಜು, ನೀರಿನ ಜಗ್ಗು, ಕಣ್ಣೊರೆಸುವ ಕಾಗದದ ಡಬ್ಬಿ. ಡಬ್ಬಿ ನನ್ನ ಕಡೆಗೇ ಹತ್ತಿರವಿತ್ತು. ಮೂವರಲ್ಲಿ ಮುಖ್ಯಸ್ಥೆ ಬಿಳಿಗೂದಲಿನ ನಿವೃತ್ತ ನ್ಯಾಯಾಧೀಶೆ. ಅವರ ಬಲಕ್ಕೆ ಆ ನಾಡಿನ ಮೂಲನಿವಾಸಿಗಳಾದ ಮಾವೋರಿಗಳ ಒಬ್ಬ ಹಿರಿಯರು. ಮೊದಲು ತಮ್ಮ ಭಾಷೆಯಲ್ಲಿ ಸತ್ತವಳನ್ನು ನೆನೆದು ನಾಲ್ಕು ಮಾತು ಹೇಳಿದರು. ಅರ್ಥವಾಗದಿದ್ದರೂ ನಡುವೆ ರಮಾ ಎಂಬ ಹೆಸರು ಸರಿಯಾಗಿ ಕೇಳಿಸಿತು. ಎಡಕ್ಕೆ ಮನಃಶಾಸ್ತ್ರಜ್ಞ.

ಅವ್ವನ ಹೇಳಿಕೆ ಓದಿದೆ. ಕೊನೆಯ ಸಾಲಿನಲ್ಲಿ ಮುಂದಿನ ವಿಚಾರಣೆಯನ್ನು ಐದು ವರ್ಷ ಮುಂದೂಡಬೇಕೆಂದು ನಾನೇ ಇಂಗ್ಲಿಷಿಗೆ ತಿರುಗಿಸಿದ್ದ ಮಾತು. ಅದನ್ನೂ ಓದಿದೆ. ಒಂದು ಅಕ್ಷರ ಬಿಡಲಿಲ್ಲ.

“ಐದು ವರ್ಷ ಯಾಕೆಂದು ಹೇಳಬಹುದೇ?” ಎಂದು ನ್ಯಾಯಾಧೀಶೆ ಕೇಳಿದರು.

ಅಪ್ಪ, ಕಾಗದಗಳು, ಗೋಡೆಗೆ ತಿರುಗಿದ ಅವ್ವ, ಎಲ್ಲ ಹೇಳಿದೆ. ಹಿರಿಯರು ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

“ಇದು ನಿಮ್ಮ ತಾಯಿಯ ಮಾತು. ನಿಮ್ಮದು?” ಎಂದು ಅವರೇ ಕೇಳಿದರು.

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ನೀರು ಕುಡಿದೆ. ಹೆಲೆನ್ ಬೇಡಿದ್ದನ್ನು ಹೇಳಲಿಲ್ಲ. ಅದು ಅವಳ ಗುಟ್ಟು. ರಮಾಳ ನೋಟ್‌ಬುಕ್ಕಿನ ವಿಷಯ ಹೇಳಿದೆ. ನನ್ನ ತಂಗಿ ಹಾಸಿಗೆಯಲ್ಲಿದ್ದ ಮನುಷ್ಯನನ್ನು ಎರಡೆರಡು ಗಂಟೆಗೊಮ್ಮೆ ನೋಡುತ್ತಿದ್ದಳು, ಬದಲಾವಣೆ ಇಲ್ಲದಿದ್ದರೂ ನೋಡುತ್ತಿದ್ದಳು ಎಂದೆ. ಅವನನ್ನು ಬಿಡಬೇಡಿ ಎಂದೇ ನಾನೂ ಹೇಳುತ್ತೇನೆ. ಅವನನ್ನು ನಾನು ಕ್ಷಮಿಸಿಲ್ಲ, ಮುಂದೆಯೂ ಆಗಲಿಕ್ಕಿಲ್ಲ. ಆದರೆ ಐದು ವರ್ಷ ಯಾರೂ ತಿರುಗಿ ನೋಡದೆ ಇರಿಸುವುದು ನನ್ನ ಬಾಯಿಂದ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನೋಡಿ. ಕಾಗದ ಮಾತ್ರ ನನ್ನ ಅವ್ವನಿಗೆ ಕಳಿಸಬೇಡಿ, ನನ್ನ ಹೆಸರಿಗೆ ಕಳಿಸಿ.

ಹೊರಗೆ ಬಂದಾಗ ಮಾರ್ಗರೆಟ್ ತೋಳು ಹಿಡಿದುಕೊಂಡರು. ಏನಾಯಿತೆಂದು ಕೇಳಲಿಲ್ಲ. ನನಗೆ ಒಂದೇ ಯೋಚನೆ: ಅವ್ವ ಕಳಿಸಿದ್ದು ಒಂದು ಮಾತು ಹೇಳಲು, ನಾನು ಎರಡು ಹೇಳಿದೆ.

ಶುಕ್ರವಾರ

ಅಂದು ಬೆಳಿಗ್ಗೆ ಅವನನ್ನು ವಿಚಾರಿಸುತ್ತಿದ್ದಾರೆಂದು ಗೊತ್ತಿತ್ತು. ನದಿಯ ದಂಡೆಯ ಬೆಂಚಿನಲ್ಲಿ ಕೂತೆ. ಬಾತುಕೋಳಿಗಳು ಬಂದು ಬೂಟು ಮೂಸಿದವು. ಅವನೂ ಎಲ್ಲೋ ಒಂದು ಬೆಂಚಿನ ಮೇಲೆ ಕೂತು ಕಾಯುತ್ತಿರಬಹುದು, ಹೆಲೆನ್ ಕಪಾಟಿನ ಮುಂದೆ ಕಾಯುತ್ತಿರಬಹುದು, ಸೇಡಂನಲ್ಲಿ ಅವ್ವ ಕಾಯುತ್ತಿರಬಹುದು ಎನಿಸಿ, ಕೂರಲಾಗದೆ ಎದ್ದು ನಡೆದೆ. ಅವ್ವನ ಫೋನು ಎರಡು ಸಲ ಬಂತು. ತೆಗೆಯಲಿಲ್ಲ.

ಮಾರ್ಗರೆಟ್ ಮಧ್ಯಾಹ್ನ ಫೋನು ಮಾಡಿದರು. ಪೆರೋಲ್ ಇಲ್ಲ. ಅವನು ಇನ್ನೂ ಜೈಲಿನ ಹೊರಗಿನ ಕೆಲಸಕ್ಕೆ ಒಗ್ಗಿಲ್ಲ, ನಶೆಯ ವಿಷಯದಲ್ಲಿ ನಂಬಿಕೆ ಬರುವಷ್ಟು ಕಾಲವಾಗಿಲ್ಲ ಎಂದಿದ್ದರು.

“ಮುಂದಿನದು?” ಎಂದೆ.

“ಹದಿನೆಂಟು ತಿಂಗಳು.”

ಐದೂ ಅಲ್ಲ, ನಾನು ಹೇಳಿದ ಎರಡೂ ಅಲ್ಲ, ಅದಕ್ಕಿಂತ ಹತ್ತಿರ. ನನ್ನ ಮಾತಿನಿಂದ ಹಾಗಾಯಿತೋ, ಅವರೇ ಹಾಗೆ ಮಾಡುತ್ತಿದ್ದರೋ ತಿಳಿಯುವ ದಾರಿ ನನಗಿರಲಿಲ್ಲ. ಈಗಲೂ ಇಲ್ಲ.

ಸೇಡಂ, ಮತ್ತೆ

ಹೈದರಾಬಾದಿನಲ್ಲಿ ಇಳಿದು ರೈಲು ಹಿಡಿದೆ. ತಾಂಡೂರು ದಾಟಿದ ಮೇಲೆ ಎದುರಿಗಿದ್ದ ತೊಗರಿ ವ್ಯಾಪಾರಿ ಮಾತಿಗೆಳೆದ.

“ಎಲ್ಲಿಂದ ಬರಾಕತ್ತೀರಿ?”

“ನ್ಯೂಜಿಲೆಂಡ್.”

“ಅಬ್ಬಾ! ಮಸ್ತ್ ಇರಬೇಕಲ್ರೀ?”

“ಹೂಂ. ಭಾಳ ಛಲೋ ಅದ.”

ಅವ್ವ ಬಾಗಿಲಲ್ಲೇ ಕೂತಿದ್ದಳು. ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, “ಐದು ಕೊಟ್ರೇನು?” ಎಂದಳು.

ಎಲ್ಲವನ್ನೂ ಹೇಳಿದೆ. ಹೆಲೆನ್‌ಳ ಮನೆಗೆ ಹೋದದ್ದು, ಕೋಟುಗಳು, ಅವಳು ಬೇಡಿದ್ದು, ನಾನು ಆಡಿದ ಮಾತು. ಮುಚ್ಚಿಟ್ಟು ನಮ್ಮ ಮನೆಯಲ್ಲಿ ಊಟ ಮಾಡುವ ಧೈರ್ಯ ನನಗಿರಲಿಲ್ಲ.

“ಆಕಿಗೆ ಕಪಾಟಿನಾಗ ಮೂರು ಕೋಟಾದ್ರೂ ಅವ,” ಎಂದಳು ಅವ್ವ. “ನನಗೇನದ?”

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟ ಮಾತ್ರ ಬಿಡಲಿಲ್ಲ. ನನ್ನ ತಾಟಿಗೂ ಬಡಿಸಿ, ತನ್ನ ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತು ಉಣ್ಣುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಮಂಡಳಿಯ ತೀರ್ಮಾನ ನನ್ನ ಮೊಬೈಲಿಗೆ ಬಂತು, ನಾನು ಕೇಳಿಕೊಂಡಿದ್ದಂತೆ. ಅವ್ವನ ಕಣ್ಣಿಗೆ ಬೀಳದಂತೆ ಓದುತ್ತಿದ್ದೆ.

“ಜೋರಾಗಿ ಓದು,” ಎಂದಳು ಹಿಂದಿನಿಂದ.

“ನೀನೇ ಬ್ಯಾಡ ಅಂದಿದ್ದೆಲ್ಲವ್ವ, ಅವನ ಹೆಸರು...”

“ಓದು ಅಂದೆ.”

ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕೇಳಿದಳು, “ಈಗ ಅವನಿಗೆಷ್ಟು ವಯಸ್ಸು?”

“ಮೂವತ್ನಾಲ್ಕು.”

“ನಮ್ಮ ರಮಾಗ ನಲವತ್ತಾಗ್ತಿತ್ತು.” ಕಣ್ಣು ತೆರೆದು, “ನೀ ತಪ್ಪು ಮಾಡಿದಿ, ಮಿಲಿಂದ.”

“ಇರಬಹುದವ್ವ.”

“ಇರಬಹುದಲ್ಲ, ಮಾಡಿದಿ. ನನ್ನ ಮಾತು ಒಯ್ದು, ನಿನ್ನ ಮಾತೂ ಕೂಡಿಸಿ ಬಂದಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಪಾಸ್‌ಪೋರ್ಟ್ ಮಾಡಸಾಕ ಎಷ್ಟು ದಿನ ಹಿಡಿತದ?”

“ಯಾರಿಗೆ?”

“ನನಗ. ಬರೋ ಸಲ ನಂದು ನಾನೇ ಹೇಳತೀನಿ.”

“ಅವ್ವ, ಅಲ್ಲಿ ಹೋಗಿ ಮತ್ತ ಐದು ವರ್ಷಾನೇ ಕೇಳತೀಯೇನು?”

“ಅಲ್ಲಿ ಕುಂತಾಗ ಹೇಳತೀನಿ. ನಿನಗ್ಯಾಕ ಈಗಲೇ ಫಿಕರ್?”

ಸೋಮವಾರ ರಜೆ ಹಾಕಿ ಅವಳನ್ನು ಕಲಬುರಗಿಗೆ ಕರೆದೊಯ್ದು ಅರ್ಜಿ ಕೊಡಿಸಿದೆ. ಕೆಲವು ವಾರಗಳ ನಂತರ ವಿಳಾಸ ಖಾತ್ರಿ ಮಾಡಲು ಪೊಲೀಸ್ ಪೇದೆ ಮನೆಗೆ ಬಂದ. ಎಪ್ಪತ್ತು ದಾಟಿದ ಮುದುಕಿ, ಮೊದಲ ಪಾಸ್‌ಪೋರ್ಟ್. ಅವನಿಗೆ ನಗು ಬಂತು.

“ಏನ್ ಅಮ್ಮಾ, ಈ ವಯಸ್ಸಿನಾಗ ಫಾರಿನ್ನಾ? ಮಕ್ಕಳ ಮನಿಗೆ ಹೊಂಟೀರೇನು?”

ಅವ್ವ ಅವನು ತೋರಿಸಿದ ಜಾಗದಲ್ಲಿ, ಕಲಿತ ಒಂದೇ ಸಹಿಯನ್ನು ನಿಧಾನವಾಗಿ ಬರೆದು ಪೆನ್ನು ಹಿಂದಕ್ಕೆ ಕೊಟ್ಟಳು.

“ಮಗಳದೊಂದು ಕೆಲಸ ಅದ,” ಎಂದಳು. “ಮುಗಿಸಿ ಬರತೀನಿ.”